ಕುದುರೆಯ ಬಾಲಕ್ಕೆ ಕೊಟ್ಟ ವರಹ

ನವೆಂಬರ್ ಬಂತೆಂದರೆ ಪುಣೆ, ಮುಂಬಯಿ, ಚೆನ್ನೈ, ದೆಹಲಿ, ಯಾವ ಊರಿನ ಕನ್ನಡ ಸಂಘದ ವೇದಿಕೆಯಾದರೂ ಸರಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ವಿಜಯನಗರದಲ್ಲಿ ಮುತ್ತು ರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂಬ ಮಾತು. ಭಾಷಣಕಾರರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಚಪ್ಪಾಳೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಅದಕ್ಕೊಂದು ಬಾಲಂಗೋಚಿಯೂ ಸೇರಿಕೊಂಡಿದೆ: ಆಗ ಹಂಪಿ, ಈಗ ಬೆಂಗಳೂರು, ಆಗ ಹಡಗು ತುಂಬಿ ಹೋದ ಸರಕು ನಮ್ಮನ್ನು ಶ್ರೀಮಂತರನ್ನಾಗಿ ಮಾಡಿತ್ತು, ಈಗ ಸಾಫ್ಟ್‌ವೇರ್ ರಫ್ತು ಮಾಡುತ್ತಿದೆ. ಸಭೆಯಲ್ಲಿ ಕೂತವರಲ್ಲಿ ಐಟಿಯವರೇ ಹೆಚ್ಚಾದ್ದರಿಂದ ಎರಡನೇ ಚಪ್ಪಾಳೆ ಮೊದಲನೆಯದಕ್ಕಿಂತ ಜೋರು.

ಈ ಹೋಲಿಕೆ ಸರಿಯಾಗಿಯೇ ಇದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಅದು ಹೇಳುವ ಕತೆ ಚಪ್ಪಾಳೆ ತಟ್ಟುವಂಥದ್ದಲ್ಲ. ವಿಜಯನಗರದ ವೈಭವದ ಬಗ್ಗೆ ನನಗೆ ಅನುಮಾನವಿಲ್ಲ, ಹೆಮ್ಮೆಯೂ ಉಂಟು. ಆದರೆ ವ್ಯಾಪಾರ ಬೇರೆ, ಅಭಿವೃದ್ಧಿ ಬೇರೆ. ಬಂದರಿನಲ್ಲಿ ಎಷ್ಟು ಹಡಗು ನಿಂತಿದ್ದವು ಎಂಬುದು ಒಂದು ಲೆಕ್ಕ. ಹಡಗು ಹೋದ ಮೇಲೆ ನಾಡಿನಲ್ಲಿ ಏನು ಉಳಿಯಿತು, ಅದಕ್ಕೆ ದುಡ್ಡು ತೆತ್ತವರು ಯಾರು ಎಂಬುದು ಇನ್ನೊಂದು ಲೆಕ್ಕ. ಐದು ನೂರು ವರ್ಷಗಳಿಂದ ನಾವು ಮೊದಲನೆಯದನ್ನೇ ಓದಿಕೊಂಡು ಬಂದಿದ್ದೇವೆ. ಎರಡನೆಯದೂ ಅಲ್ಲೇ ಇದೆ, ಅದೇ ಪ್ರವಾಸಿಗರ ಬರಹದಲ್ಲೇ ಇದೆ. ಪುಟ ತಿರುಗಿಸುವ ಮನಸ್ಸಿಲ್ಲ ಅಷ್ಟೆ.

ಮೊದಲು ಸಾಕ್ಷಿಗಳ ವಿಷಯ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ರಾಜ್ಯಕ್ಕೆ ಮುನ್ನೂರು ಬಂದರುಗಳಿವೆ ಎಂದು ಬರೆದ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಪೇಟೆಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳನ್ನು ಕಂಡು ಬೆರಗಾದ. ಅವನಾದ ಮೇಲೆ, 1535ರ ಸುಮಾರಿಗೆ, ಇನ್ನೊಬ್ಬ ಪೋರ್ಚುಗೀಸ ಫರ್ನಾವೊ ನ್ಯೂನಿಜ್ ಬರೆದ. ಈತ ಕುದುರೆ ವ್ಯಾಪಾರಿಯಾಗಿದ್ದ ಎಂದು ಇತಿಹಾಸಕಾರರು ನಂಬುತ್ತಾರೆ. ಪಾಯೆಸ್ ಮತ್ತು ನ್ಯೂನಿಜ್ ಇಬ್ಬರ ಬರಹವನ್ನೂ ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಪಾಯೆಸ್ ಕಣ್ಣರಳಿಸಿ ನೋಡಿದವನು. ನ್ಯೂನಿಜ್ ವ್ಯಾಪಾರಿಯ ಕಣ್ಣಿನವನು, ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಕೇಳಿ ಬರೆದುಕೊಂಡವನು. ನಮ್ಮ ಭಾಷಣಗಳಿಗೆ ಪಾಯೆಸ್ ಬೇಕು. ನ್ಯೂನಿಜ್‌ನನ್ನು ಯಾರೂ ಕರೆಯುವುದಿಲ್ಲ.

ಪಾಯೆಸ್ ಕಂಡದ್ದು ಸುಳ್ಳಲ್ಲ. ಆದರೆ ಅವನು ಕಂಡದ್ದು ರಾಜಧಾನಿಯನ್ನು, ಅದರಲ್ಲೂ ಅರಮನೆಯ ಸುತ್ತಿನ ಪೇಟೆಗಳನ್ನು. ಅಲ್ಲಿ ರತ್ನದ ರಾಶಿ ಇತ್ತು ಎಂದರೆ ನಾಡಿನ ನಾಲ್ಕೂ ಕಡೆಯ ಗಳಿಕೆ ಅಲ್ಲಿಗೆ ಬಂದು ಸೇರುತ್ತಿತ್ತು ಎಂದರ್ಥ. ಗಳಿಸಿದವನ ಮನೆಯಲ್ಲಿ ಏನು ಉಳಿದಿತ್ತು ಎಂಬುದನ್ನು ಆ ರಾಶಿ ಹೇಳುವುದಿಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳನ್ನು ನೋಡಿ ಗಡಚಿರೋಲಿಯ ಬಗ್ಗೆ ತೀರ್ಪು ಕೊಟ್ಟರೆ ನಾವು ನಗುತ್ತೇವೆ. ಹಂಪಿಯ ವಿಷಯದಲ್ಲಿ ಮಾತ್ರ ಅದನ್ನೇ ಇತಿಹಾಸ ಎನ್ನುತ್ತೇವೆ.

ಹಾಗಾದರೆ ನಾಡಿನಿಂದ ಹೊರಗೆ ಹೋಗುತ್ತಿದ್ದುದೇನು, ಒಳಗೆ ಬರುತ್ತಿದ್ದುದೇನು? ಹದಿನಾರನೇ ಶತಮಾನದ ಮೊದಲ ಭಾಗದಲ್ಲಿ ದುವಾರ್ತೆ ಬಾರ್ಬೋಸಾ ಭಟ್ಕಳದ ಬಗ್ಗೆ ಬರೆದದ್ದನ್ನು ನೋಡಿದರೆ ಚಿತ್ರ ಸ್ಪಷ್ಟ. ಹೋಗುತ್ತಿದ್ದುದು ಅಕ್ಕಿ, ಸಕ್ಕರೆ, ಕಬ್ಬಿಣ. ಕರಾವಳಿಯ ಬೇರೆ ಬಂದರುಗಳಿಂದ ಕಾಳುಮೆಣಸು, ಹತ್ತಿ ಬಟ್ಟೆ. ಬರುತ್ತಿದ್ದುದು ಕುದುರೆ, ಮುತ್ತು, ತಾಮ್ರ. ಅಂದರೆ ಹೋದದ್ದೆಲ್ಲ ರೈತನ ಗದ್ದೆಯದು, ಮಲೆನಾಡಿನ ತೋಟದ್ದು, ನೇಕಾರನ ಮಗ್ಗದ್ದು, ಕಬ್ಬಿಣ ಕರಗಿಸುವವನ ಕುಲುಮೆಯದು. ಬಂದದ್ದರಲ್ಲಿ ತಾಮ್ರವೊಂದನ್ನು ಬಿಟ್ಟರೆ ಇವರ ಯಾರ ಮನೆಬಾಗಿಲಿಗೂ ಹೋಗುವಂಥದ್ದು ಇಲ್ಲ. ಮುತ್ತು ಅಂತಃಪುರಕ್ಕೆ, ಕುದುರೆ ಲಾಯಕ್ಕೆ.

ಈ ಪಟ್ಟಿಯಲ್ಲಿ ತೂಕದ ಸರಕು ಎಂದರೆ ಕುದುರೆ. ಅದೇ ಈ ವ್ಯಾಪಾರದ ಬೆನ್ನುಮೂಳೆ. ಅರಬ್ ಮತ್ತು ಪರ್ಷಿಯಾದ ಕುದುರೆಗಳಿಗೆ ಇಲ್ಲಿನ ಹವೆ, ಮೇವು ಒಗ್ಗುತ್ತಿರಲಿಲ್ಲ. ಇಲ್ಲಿ ಅವುಗಳ ಒಳ್ಳೆಯ ತಳಿ ಬೆಳೆಯಲಿಲ್ಲ. ಹಾಗಾಗಿ ಪ್ರತಿ ವರ್ಷ ಹೊಸದಾಗಿ ತರಿಸಬೇಕು. ಇಟಲಿಯ ಪ್ರವಾಸಿ ವರ್ಥೆಮಾ ಹೇಳುವಂತೆ ಒಂದು ಕುದುರೆಗೆ 300, 400, 500 ಪರ್ದಾವ್, ಕೆಲವಕ್ಕೆ 800. ಪರ್ದಾವ್ ಎಂದರೆ ನಮ್ಮ ವರಹವೇ, ಪೋರ್ಚುಗೀಸರ ಬಾಯಲ್ಲಿ. ಒಂದು ವರಹಕ್ಕೆ ಸುಮಾರು 3.4 ಗ್ರಾಂ ಚಿನ್ನ. ಮುನ್ನೂರು ವರಹ ಎಂದರೆ ಹೆಚ್ಚು ಕಡಿಮೆ ಒಂದು ಕಿಲೋ ಚಿನ್ನ, ಒಂದು ಕುದುರೆಗೆ.

ನ್ಯೂನಿಜ್ ಒಂದು ಸಂಗತಿ ಬರೆದಿದ್ದಾನೆ. ಹದಿನೈದನೇ ಶತಮಾನದ ಕೊನೆಯಲ್ಲಿ ಆಳಿದ ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದ. ವ್ಯಾಪಾರಿಗಳು ಕೇಳಿದ ಬೆಲೆ ಕೊಡುತ್ತಿದ್ದ. ಮೂರಕ್ಕೆ ಒಂದು ಸಾವಿರ ಪರ್ದಾವ್‌ನಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿ ಬಂದ ಕುದುರೆಯ ಬೆಲೆಯೇ ಸಿಗುತ್ತಿತ್ತು. ದಾರಿಯ ನಷ್ಟವೆಲ್ಲ ಕೊಳ್ಳುವವನದು, ಮಾರುವವನಿಗೆ ಲಾಭ ಖಾತ್ರಿ. ನನ್ನ ಕೆಲಸದಲ್ಲಿ ದಿನವೂ ಒಪ್ಪಂದದ ಪತ್ರಗಳನ್ನು ಓದುತ್ತೇನೆ. ಮಾರುವವನಿಗೆ ಇಷ್ಟು ಅನುಕೂಲವಾದ ಷರತ್ತನ್ನು ಎಲ್ಲೂ ನೋಡಿಲ್ಲ. ಇದನ್ನು ಅರಸನ ಔದಾರ್ಯ ಎನ್ನುವವರಿದ್ದಾರೆ. ಗತಿಯಿಲ್ಲದೆ ಒಬ್ಬನ ಮೇಲೇ ಅವಲಂಬಿಸಿದವನು ಒಪ್ಪುವ ಷರತ್ತು ಇದು.

ಈ ಅವಲಂಬನೆಗೆ ಹಳೆಯ ಬೇರುಗಳಿವೆ. ವಿಜಯನಗರ ಹುಟ್ಟುವುದಕ್ಕೂ ಮೊದಲು, ಹದಿಮೂರನೇ ಶತಮಾನದಲ್ಲಿ, ಮಾರ್ಕೊ ಪೋಲೊ ತಮಿಳು ಕರಾವಳಿಯ ಪಾಂಡ್ಯರ ನಾಡಿನ ಬಗ್ಗೆ ಇದನ್ನೇ ಬರೆದಿದ್ದ. ಅಲ್ಲಿಗೆ ತಂದ ಕುದುರೆಗಳಲ್ಲಿ ಬಹುಪಾಲು ಆರೈಕೆ ಗೊತ್ತಿಲ್ಲದೆ ವರ್ಷದೊಳಗೆ ಸಾಯುತ್ತಿದ್ದವಂತೆ. ಕುದುರೆ ಮಾರುವ ವ್ಯಾಪಾರಿಗಳು ಲಾಳ ಕಟ್ಟುವ ಕಸಬುದಾರರನ್ನು ಜೊತೆಗೆ ಕರೆತರುತ್ತಿರಲಿಲ್ಲ, ಬೇರೆಯವರು ಹೋಗದಂತೆಯೂ ತಡೆಯುತ್ತಿದ್ದರಂತೆ. ಕುದುರೆ ಬದುಕಿದರೆ ಮುಂದಿನ ವರ್ಷದ ವ್ಯಾಪಾರ ಕಡಿಮೆಯಾಗುತ್ತದಲ್ಲ! ಸಾಫ್ಟ್‌ವೇರ್ ಲೈಸೆನ್ಸನ್ನು ವರ್ಷವರ್ಷವೂ ನವೀಕರಿಸುವ ನಮಗೆ ಈ ಉಪಾಯ ಬಿಡಿಸಿ ಹೇಳಬೇಕಾಗಿಲ್ಲ. ಸರಕು ಮಾರು, ಅದನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಮಾರಬೇಡ.

ಈಗ ದುಡ್ಡಿನ ಮಾತಿಗೆ ಬರೋಣ. ಅಷ್ಟು ಕುದುರೆಗೆ ಹಣ ಕೊಟ್ಟವರು ಯಾರು? ಅರಸ ಕೊಟ್ಟ ಎಂದು ನಾವು ಅಂದುಕೊಳ್ಳುತ್ತೇವೆ. ನ್ಯೂನಿಜ್ ಬೇರೆ ಹೇಳುತ್ತಾನೆ. ಹೊರ್ಮುಜ್ ಕುದುರೆಗಳು ಮತ್ತು ನಾಡ ಕುದುರೆಗಳು ಸೇರಿ ಅರಸ ವರ್ಷಕ್ಕೆ 13,000 ಕೊಳ್ಳುತ್ತಾನೆ. ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದ ನಾಡ ಕುದುರೆಗಳನ್ನು ಐದಕ್ಕೆ ಒಂದು ಸಾವಿರ ಪರ್ದಾವ್‌ನಂತೆ ತನ್ನ ನಾಯಕರಿಗೆ ಮಾರುತ್ತಾನೆ. ಆ ಹಣವನ್ನು ನಾಯಕರು ಸೆಪ್ಟೆಂಬರ್ ತಿಂಗಳಲ್ಲಿ ಕಟ್ಟಬೇಕು. ಅದೇ ಹಣದಿಂದ ಪೋರ್ಚುಗೀಸರಿಗೆ ಅರಬ್ ಕುದುರೆಗಳ ಬೆಲೆ ಸಂದಾಯವಾಗುತ್ತದೆ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗುವುದಿಲ್ಲ! 13,000 ಎಂಬ ಸಂಖ್ಯೆ ಉಬ್ಬಿಸಿದ್ದಿರಬಹುದು. ಆದರೆ ಹಣ ಹರಿಯುವ ದಾರಿಯನ್ನು ಒಬ್ಬ ವ್ಯಾಪಾರಿ ಸುಮ್ಮನೆ ಕಟ್ಟಿ ಹೇಳುವುದಿಲ್ಲ. ಅವನಿಗೆ ಬರಬೇಕಾದ ಹಣ ಎಲ್ಲಿಂದ ಬರುತ್ತದೆ ಎಂದು ಅವನಿಗೆ ಗೊತ್ತಿರಬೇಕು.

ನಾಯಕರಿಗೆ ಆ ಹಣ ಎಲ್ಲಿಂದ ಬಂತು? ಅದಕ್ಕೂ ಉತ್ತರವಿದೆ. ನಾಯಕರು ಅರಸನಿಂದ ನೆಲವನ್ನು ಗುತ್ತಿಗೆ ಹಿಡಿದವರ ಹಾಗೆ ಎನ್ನುತ್ತಾನೆ ನ್ಯೂನಿಜ್. ಅವರ ನೆಲದ ಹುಟ್ಟುವಳಿ 120 ಲಕ್ಷ ಪರ್ದಾವ್, ಅದರಲ್ಲಿ 60 ಲಕ್ಷ ಅರಸನಿಗೆ. ಉಳಿದದ್ದರಲ್ಲಿ ದಂಡು, ಆನೆಗಳ ಖರ್ಚು. ಉಳುವವನು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಕೊಡಬೇಕು ಎಂದೂ ಬರೆದಿದ್ದಾನೆ. ಈ ಒಂಬತ್ತು ಪಾಲಿನ ಮಾತನ್ನು ಇತಿಹಾಸಕಾರರು ಹಾಗೇ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಹತ್ತರಲ್ಲಿ ಒಂದು ಪಾಲಿನಲ್ಲಿ ಬದುಕಿ ಮುಂದಿನ ವರ್ಷ ಬಿತ್ತುವುದು ಸಾಧ್ಯವಿಲ್ಲ. ಆದರೆ ನೆಲ ಹಿಡಿದವರ ದಬ್ಬಾಳಿಕೆಯಿಂದ ಸಾಮಾನ್ಯ ಜನ ಬಹಳ ಕಷ್ಟಪಡುತ್ತಾರೆ ಎಂಬ ಅವನ ಮಾತನ್ನು ತಳ್ಳಿಹಾಕುವುದು ಹೇಗೆ? ಅದಕ್ಕೆ ಕಲ್ಲಿನ ಮೇಲೆ ಕೊರೆದ ಸಾಕ್ಷಿಯೂ ಇದೆ. 1429ರಲ್ಲಿ, ಎರಡನೇ ದೇವರಾಯನ ಕಾಲದಲ್ಲಿ, ಕಾವೇರಿ ಬಯಲಿನ ತಮಿಳು ನಾಡಿನಲ್ಲಿ ಬಲಗೈ ಎಡಗೈ ಪಂಗಡಗಳು ತಮ್ಮ ಹಳೆಯ ಜಗಳ ಬದಿಗಿಟ್ಟು ಒಟ್ಟಾಗಿ, ತೆರಿಗೆಯ ಕಿರುಕುಳ ಕೊಡುವವರ ಜೊತೆ ಕೈಜೋಡಿಸುವುದಿಲ್ಲ ಎಂದು ಶಾಸನ ಹಾಕಿಸಿದವು. ಆ ಶಾಸನಗಳು ದೂರುವ ಅಧಿಕಾರಿಗಳಲ್ಲಿ ಕನ್ನಡಿಗರೂ ಇದ್ದರು. ಚೆನ್ನೈನಲ್ಲಿ ಕೂತು ಈ ಪತ್ರಿಕೆ ಓದುತ್ತಿರುವ ಗೆಳೆಯರು ಇದನ್ನೂ ನಮ್ಮ ಚರಿತ್ರೆಯೊಳಗೆ ಸೇರಿಸಿಕೊಳ್ಳಬೇಕು.

ಈಗ ಸರಪಳಿ ಪೂರ್ತಿಯಾಯಿತು. ರೈತ ಬೆಳೆದದ್ದನ್ನು ಮಾರಿ ನಾಣ್ಯ ಮಾಡುತ್ತಾನೆ, ನಾಣ್ಯ ನಾಯಕನಿಗೆ ಹೋಗುತ್ತದೆ, ನಾಯಕನಿಂದ ಅರಸನಿಗೆ, ಅರಸನಿಂದ ಗೋವೆಯ ಪೋರ್ಚುಗೀಸನಿಗೆ. ಅಲ್ಲಿಂದ ಹಿಂದಿರುಗಿ ಬಂದದ್ದು ಕುದುರೆ. ಅದು ಉಳುವುದಿಲ್ಲ, ನೂಲುವುದಿಲ್ಲ, ಕೆಲವು ವರ್ಷಕ್ಕೆ ಸಾಯುತ್ತದೆ. ನಾಡಿನ ಅಂಗಡಿಯಲ್ಲಿ ವ್ಯಾಪಾರ ಭರ್ಜರಿ, ನಾಡಿನ ಗದ್ದೆಯಲ್ಲಿ ಸೇರಿದ್ದು ಸೊನ್ನೆ.

ಕಡಲಿನ ಕೀಲಿಕೈ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಬೇಕು. ಮುನ್ನೂರು ಬಂದರುಗಳ ರಾಜ್ಯಕ್ಕೆ ಹೇಳಿಕೊಳ್ಳುವಂಥ ಸ್ವಂತ ನೌಕಾಬಲ ಇರಲಿಲ್ಲ. ಭಟ್ಕಳ, ಹೊನ್ನಾವರದಂಥ ಬಂದರುಗಳು ಹಾಡುವಳ್ಳಿ, ಗೇರುಸೊಪ್ಪೆಯ ಸಾಮಂತರ ಕೈಯಲ್ಲಿ. ಅವರು ಕಪ್ಪ ಕಟ್ಟಿದರೆ ರಾಜಧಾನಿಗೆ ಸಮಾಧಾನ. 1510ರಲ್ಲಿ ಅಲ್ಬುಕರ್ಕ್ ಗೋವೆ ಹಿಡಿದ ಮೇಲೆ ಕುದುರೆ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಬಲವಂತವಾಯಿತು. 1514ರಲ್ಲಿ ಕೃಷ್ಣದೇವರಾಯ ಒಂದು ಸಾವಿರ ಕುದುರೆಗಳನ್ನು ತನಗೊಬ್ಬನಿಗೇ ಕೊಡಬೇಕೆಂದು ದೊಡ್ಡ ಮೊತ್ತ ಮುಂದಿಟ್ಟ. ಅಲ್ಬುಕರ್ಕ್ ಒಪ್ಪಲಿಲ್ಲ. ಅತ್ತ ಬಿಜಾಪುರವೂ ಗಿರಾಕಿ, ಇತ್ತ ವಿಜಯನಗರವೂ ಗಿರಾಕಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಬೆಲೆ ಏರಿಸುವುದು ಬಿಟ್ಟು ಒಬ್ಬನಿಗೆ ಯಾಕೆ ಮಾತು ಕೊಡಬೇಕು?

1547ರ ಒಪ್ಪಂದ ಇನ್ನೂ ಸ್ಪಷ್ಟ. ಗೋವೆಗೆ ಬಂದ ಕುದುರೆ ವಿಜಯನಗರಕ್ಕೇ ಸಿಗಬೇಕು, ಬಿಜಾಪುರಕ್ಕಲ್ಲ ಎಂಬುದು ನಮಗೆ ಸಿಕ್ಕ ಷರತ್ತು. ಅದಕ್ಕೆ ಬದಲಾಗಿ ನಾವು ಕೊಟ್ಟದ್ದೇನು? ಕಬ್ಬಿಣ, ಪೆಟ್ಲುಪ್ಪು, ಬಟ್ಟೆ ಇವನ್ನೆಲ್ಲ ನಮ್ಮ ವ್ಯಾಪಾರಿಗಳು ಅಂಕೋಲೆ, ಹೊನ್ನಾವರದ ಕಡೆ ಒಯ್ದು ಪೋರ್ಚುಗೀಸರಿಗೇ ಮಾರಬೇಕು. ಬೇರೆ ಮುಸ್ಲಿಂ ವರ್ತಕರ ಹಡಗುಗಳನ್ನು ನಮ್ಮ ಬಂದರಿಗೆ ಸೇರಿಸಬಾರದು. ಅಂದರೆ ಕೊಳ್ಳುವಾಗಲೂ ಒಬ್ಬನೇ, ಮಾರುವಾಗಲೂ ಒಬ್ಬನೇ. ನೇಕಾರನ ಬಟ್ಟೆಗೆ ನಾಲ್ಕು ಗಿರಾಕಿಗಳಿದ್ದ ಕಡೆ ಒಬ್ಬನನ್ನು ಉಳಿಸಿ ಮೂವರನ್ನು ಓಡಿಸುವುದಕ್ಕೆ ಅರಸನೇ ಸಹಿ ಹಾಕಿದ. ಪಟ್ಟಣದ ಕಾವಲಿಗೆ ಕುದುರೆ ಬೇಕಾಗಿತ್ತು, ಬೆಲೆ ತೆತ್ತವನು ಮಗ್ಗದ ಮುಂದೆ ಕೂತವನು. ಮರುವರ್ಷವೇ ಪೋರ್ಚುಗೀಸರು ಬಿಜಾಪುರದ ಜೊತೆಗೂ ಒಪ್ಪಂದ ಮಾಡಿಕೊಂಡರು.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ, ಬರಲೇಬೇಕು.

ಒಂದು: ಕುದುರೆಯಿಲ್ಲದೆ ರಾಜ್ಯವೇ ಉಳಿಯುತ್ತಿರಲಿಲ್ಲ, ರಾಜ್ಯವೇ ಇಲ್ಲದ ಮೇಲೆ ಅಭಿವೃದ್ಧಿ ಎಲ್ಲಿಂದ? ಮಾತು ಸರಿ. ಸುತ್ತ ಬಹಮನಿ, ಬಿಜಾಪುರದ ಸುಲ್ತಾನರ ಅಶ್ವಸೈನ್ಯ ಇದ್ದಾಗ ಕುದುರೆ ಬೇಡವೆನ್ನಲು ಯಾವ ಅರಸನಿಗೂ ಆಗುತ್ತಿರಲಿಲ್ಲ. ಆದರೆ ಅದನ್ನು ಖರ್ಚು ಎಂದು ಕರೆಯೋಣ. ಮನೆಗೆ ಬೀಗ ಹಾಕುವುದು ಅಗತ್ಯ, ಅದಕ್ಕಾಗಿ ಬೀಗಕ್ಕೆ ಕೊಟ್ಟ ದುಡ್ಡನ್ನು ಗಳಿಕೆ ಎಂದು ಬರೆಯುವುದಿಲ್ಲ. ಅಷ್ಟಕ್ಕೂ ಆ ಬೀಗ ಉಳಿಯಿತೇ? 1565ರ ಜನವರಿಯ ಕಾಳಗದ ನಂತರ, 1567ರಲ್ಲಿ ಬಂದ ವೆನಿಸಿನ ವ್ಯಾಪಾರಿ ಫೆಡೆರಿಚಿ, ಮನೆಗಳು ನಿಂತಿದ್ದರೂ ಒಳಗೆ ಜನವಿಲ್ಲದ ನಗರವನ್ನು ಕಂಡ. ತಿರುಮಲರಾಯ ಗೋವೆಯ ವ್ಯಾಪಾರಿಗಳಿಗೆ ಆಸೆ ಹುಟ್ಟಿಸಿ ಕುದುರೆ ತರಿಸಿಕೊಂಡು, ಇನ್ನು ಮೇಲೆ ಬರುವುದಿಲ್ಲವೆಂದು ಗೊತ್ತಾದಾಗ ಕಾಸೂ ಕೊಡದೆ ಅವರನ್ನು ಸಾಗಹಾಕಿದ ಎಂದೂ ಬರೆದಿದ್ದಾನೆ. ಸತ್ತ ಕುದುರೆಯ ಬಾಲಕ್ಕೂ ಪೂರ್ತಿ ಬೆಲೆ ಕೊಟ್ಟ ರಾಜ್ಯ ಎಂಬತ್ತೇ ವರ್ಷಗಳಲ್ಲಿ ಜೀವಂತ ಕುದುರೆಗೂ ಹಣ ಕೊಡಲಾಗದ ಸ್ಥಿತಿಗೆ ಬಂತು. ಗೋವೆಯ ಗತಿಯೂ ಅಷ್ಟೇ ಆಯಿತು. ಕುದುರೆ ಸುಂಕದಿಂದ ಮೊದಲು ಲಕ್ಷಕ್ಕೂ ಮೀರಿ ಡುಕಾಟ್ ಬರುತ್ತಿದ್ದ ಕಡೆ ಈಗ ಆರು ಸಾವಿರವಷ್ಟೇ ಎಂದು 1580ರ ದಶಕದಲ್ಲಿ ಫಿಲಿಪ್ಪೊ ಸಾಸೆಟ್ಟಿ ಬರೆದ. ಆ ಸುಂಕವೆಲ್ಲ ಇಷ್ಟು ದಿನ ಯಾರ ದುಡ್ಡಾಗಿತ್ತು ಎಂದು ಬೇರೆ ಹೇಳಬೇಕೇ?

ಎರಡು: ವ್ಯಾಪಾರದಿಂದ ಕೆಳಗಿನವರಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು. ಬಟ್ಟೆಯ ಬೇಡಿಕೆ ಹೆಚ್ಚಾದಂತೆ ನೇಕಾರರ ಸ್ಥಾನ ಏರಿತು. ಹೊಸ ಪೇಟೆಗಳು ಹುಟ್ಟಿದವು, ಅಲ್ಲಿ ನೆಲೆಸುವವರಿಗೆ ತೆರಿಗೆ ವಿನಾಯಿತಿ ಕೊಟ್ಟ ಶಾಸನಗಳಿವೆ. ತಮಿಳು ಭಾಗದ ಕೈಕ್ಕೋಳ ನೇಕಾರರಿಗೆ ಪಲ್ಲಕ್ಕಿ, ಶಂಖದ ಮರ್ಯಾದೆ ಸಿಕ್ಕಿತು. ಇದು ನಿಜವಾದ ಬದಲಾವಣೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಬೆಳೆಸುವ ಬದಲು 1547ರಲ್ಲಿ ಅರಸರು ಕುದುರೆಗಾಗಿ ಇದನ್ನೇ ಅಡವಿಟ್ಟರು. ವ್ಯಾಪಾರ ತಾನೇ ತಾನಾಗಿ ಒಳ್ಳೆಯದನ್ನು ಮಾಡುವುದಿಲ್ಲ, ಕೆಟ್ಟದ್ದನ್ನೂ ಮಾಡುವುದಿಲ್ಲ. ಅದರಿಂದ ಬಂದದ್ದನ್ನು ಎಲ್ಲಿ ಹಾಕಬೇಕು ಎಂದು ಯಾರು ತೀರ್ಮಾನಿಸುತ್ತಾರೋ ಅವರು ಮಾಡುತ್ತಾರೆ.

ಎಲ್ಲಿ ಹಾಕಬಹುದಿತ್ತು ಎಂಬುದಕ್ಕೆ ಉತ್ತರ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೂ ನ್ಯೂನಿಜ್‌ನಲ್ಲೇ ಇದೆ, ಇದೇ ವಿಜಯನಗರದಲ್ಲೇ ಇದೆ. ಕೃಷ್ಣದೇವರಾಯ ಹೊಸದಾಗಿ ಕಟ್ಟಿಸಿದ ನಾಗಲಾಪುರದ ಬಾಗಿಲ ಸುಂಕವನ್ನು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಕೊಟ್ಟಿದ್ದರು. ಹಳ್ಳಿಯವನಾಗಲಿ ಪರದೇಶಿಯಾಗಲಿ ಗುತ್ತಿಗೆದಾರ ಕೇಳಿದಷ್ಟು ಕೊಟ್ಟೇ ಒಳಗೆ ಹೋಗಬೇಕು. ದಿನಕ್ಕೆ ಎರಡು ಸಾವಿರ ಹೇರೆತ್ತುಗಳು ಸುಂಕ ಕಟ್ಟಿ ಒಳಗೆ ಹೋಗುತ್ತಿದ್ದವು. ಇದು ಒಂದು ಕಡೆ. ಅದೇ ಅರಸ ಕೆರೆ ಕಟ್ಟಿಸಿ, ಕಾಲುವೆ ತೆಗೆಸಿ, ಆ ನೀರು ಹರಿಯುವ ನೆಲವನ್ನು ಜನರಿಗೆ ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ. ಅವರು ನೆಲವನ್ನು ಹಸನು ಮಾಡಿಕೊಳ್ಳಲಿ ಎಂದು. ನ್ಯೂನಿಜ್ ಬರೆಯುವ ಹೊತ್ತಿಗೆ ಅದರ ಹುಟ್ಟುವಳಿ ಆಗಲೇ 20,000 ಪರ್ದಾವ್ ಆಗಿತ್ತು. ಬಾಗಿಲಲ್ಲಿ ನಿಂತು ಎತ್ತು ತಡೆದರೆ ಹನ್ನೆರಡು ಸಾವಿರ, ನೀರು ಬಿಟ್ಟು ಒಂಬತ್ತು ವರ್ಷ ಸುಮ್ಮನಿದ್ದರೆ ಇಪ್ಪತ್ತು ಸಾವಿರ. ಅಭಿವೃದ್ಧಿಯ ಪಾಠ ಬೇಕಾದವರಿಗೆ ಇಷ್ಟು ಸಾಕು.

ಇದು ಆ ರಾಜ್ಯಕ್ಕೆ ಗೊತ್ತಿಲ್ಲದ ವಿದ್ಯೆಯೂ ಆಗಿರಲಿಲ್ಲ. 1369ರ ಪೊರುಮಾಮಿಳ್ಳ ಶಾಸನ ಒಳ್ಳೆಯ ಕೆರೆಗೆ ಏನೇನು ಬೇಕು ಎಂದು ಹನ್ನೆರಡು ಅಂಶಗಳ ಪಟ್ಟಿಯನ್ನೇ ಕೊಡುತ್ತದೆ. ಆ ಕೆರೆಗೆ ಸಾವಿರ ಆಳು, ನೂರು ಗಾಡಿ ಎರಡು ವರ್ಷ ದುಡಿದವು. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಕಟ್ಟುಕೊಡಗೆಯಾಗಿ ನೆಲ ಬಿಡುವ ಪದ್ಧತಿ ನಾಡಿನ ಉದ್ದಕ್ಕೂ ಇತ್ತು. ಹಂಪಿಯ ಲಾಯಗಳಲ್ಲಿ ಇವತ್ತು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಾಲದ ಕಾಲುವೆಗಳಲ್ಲಿ ಹಲವು ಹೊಸಪೇಟೆ, ಕಮಲಾಪುರದ ಸುತ್ತ ಈಗಲೂ ಹರಿಯುತ್ತಿವೆ; ಗದ್ದೆಗೆ, ಬಾಳೆಗೆ, ಕಬ್ಬಿಗೆ ನೀರು ಕೊಡುತ್ತಿವೆ. ಸಾಮ್ರಾಜ್ಯ ಮಾಡಿದ ಖರ್ಚಿನಲ್ಲಿ ಯಾವುದು ಬಂಡವಾಳ, ಯಾವುದು ಬರೀ ಖರ್ಚು ಎಂದು ತೋರಿಸಲು ಇದಕ್ಕಿಂತ ದೊಡ್ಡ ಲೆಕ್ಕಪರಿಶೋಧಕ ಬೇಡ.

ಇದು ನಮ್ಮವರೊಬ್ಬರ ಕತೆಯಲ್ಲ. ಅದೇ 1520ರಲ್ಲಿ ಪೋಲೆಂಡಿನಲ್ಲಿ ಒಂದು ಕಾನೂನು ಬಂತು: ರೈತ ವಾರಕ್ಕೆ ಕನಿಷ್ಠ ಒಂದು ದಿನ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಮುಂದೆ ಅದು ಮೂರು ದಿನ, ಇನ್ನೂ ಹೆಚ್ಚು ಎಂದು ಬೆಳೆಯಿತು. ಇದಕ್ಕೊಂದು ದೊಡ್ಡ ಕಾರಣ ವಿದೇಶಿ ವ್ಯಾಪಾರವೇ. ವಿಸ್ಟುಲಾ ನದಿಯ ಮೇಲೆ ಗ್ಡಾನ್ಸ್ಕ್ ಬಂದರಿಗೆ ಇಳಿದ ಧಾನ್ಯಕ್ಕೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಳ್ಳೆಯ ಬೆಲೆ. ಹಡಗು ಡಚ್ಚರದು, ಲಾಭ ಜಮೀನ್ದಾರನದು, ಬಿಟ್ಟಿ ರೈತನದು. ರಫ್ತು ಹೆಚ್ಚಾದಷ್ಟೂ ರೈತನ ಸ್ವಾತಂತ್ರ್ಯ ಕಡಿಮೆಯಾಗುತ್ತ ಹೋಯಿತು.

ಬೇರೆ ದಾರಿ ಹಿಡಿದವರೂ ಇದ್ದರು. ಹದಿನೇಳನೇ ಶತಮಾನದ ಜಪಾನ್ ಕೂಡ ಭತ್ತದ ತೆರಿಗೆಯ ಮೇಲೆ ನಿಂತ ಕೃಷಿ ರಾಜ್ಯವೇ. ಇವಾಮಿಯಂಥ ಗಣಿಗಳ ಬೆಳ್ಳಿ ಕೊಟ್ಟು ಚೀನಾದ ರೇಷ್ಮೆ ನೂಲು ತರಿಸುತ್ತಿತ್ತು. ಬೆಳ್ಳಿ ಬರಿದಾಗುತ್ತಿರುವುದು ಗೊತ್ತಾದಾಗ ಅಲ್ಲಿನ ಆಡಳಿತ ಲೆಕ್ಕ ಹಾಕಿತು. ಅರಾಯ್ ಹಕುಸೆಕಿ ಎಂಬ ವಿದ್ವಾಂಸನ ಸಲಹೆಯಂತೆ 1715ರಲ್ಲಿ ನಾಗಸಾಕಿಗೆ ವರ್ಷಕ್ಕೆ ಮೂವತ್ತು ಚೀನೀ ಹಡಗು, ಎರಡೇ ಡಚ್ ಹಡಗು ಎಂದು ಮಿತಿ ಹಾಕಿದರು. ಹೊರಗಿನಿಂದ ತರಿಸುತ್ತಿದ್ದ ರೇಷ್ಮೆ, ಸಕ್ಕರೆಗಳನ್ನು ಒಳಗೇ ಬೆಳೆಯುವುದನ್ನು ಕಲಿತರು. 1859ರಲ್ಲಿ ಬಂದರುಗಳು ತೆರೆದಾಗ ಜಪಾನ್ ಹೆಚ್ಚಾಗಿ ಮಾರಿದ್ದು ಏನನ್ನು? ಕಚ್ಚಾ ರೇಷ್ಮೆಯನ್ನೇ. ಅಲ್ಲಿನ ರೈತನೇನೂ ಸುಖವಾಗಿರಲಿಲ್ಲ, ಅಲ್ಲೂ ತೆರಿಗೆ ಭಾರವಿತ್ತು, ಬಾಗಿಲು ಮುಚ್ಚುವುದೇ ಒಳ್ಳೆಯದೆಂದು ನಾನು ಹೇಳುತ್ತಲೂ ಇಲ್ಲ. ಆದರೆ ತಾನು ಕೊಳ್ಳುತ್ತಿರುವುದನ್ನು ತಾನೇ ಮಾಡಬಹುದೇ ಎಂಬ ಪ್ರಶ್ನೆಯನ್ನು ಒಂದು ರಾಜ್ಯ ಕೇಳಿಕೊಂಡಿತು. ಬಾಲಕ್ಕೆ ಬೆಲೆ ಕೊಟ್ಟವರು ಕೇಳಿಕೊಳ್ಳಲಿಲ್ಲ.

ಈಗ ಚಪ್ಪಾಳೆಯ ಎರಡನೇ ಭಾಗಕ್ಕೆ, ಅಂದರೆ ನಮ್ಮ ವಿಷಯಕ್ಕೆ. ದೇಶದ ಸಾಫ್ಟ್‌ವೇರ್ ರಫ್ತಿನಲ್ಲಿ ಕರ್ನಾಟಕವೇ ಮುಂದೆ ಎಂದು ನಾವು ಹೊರನಾಡಿನಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಹಿಂಜವಡಿಯಲ್ಲೋ ಹೈಟೆಕ್ ಸಿಟಿಯಲ್ಲೋ ಕೂತು ನಾವು ಗಳಿಸಿಕೊಡುವ ಡಾಲರೂ ಅದೇ ಖಾತೆಗೆ ಸೇರುತ್ತದೆ. ಆ ಡಾಲರಿನಿಂದ ದೇಶ ಕೊಳ್ಳುವುದೇನು? ಕಚ್ಚಾ ತೈಲ, ಎಲೆಕ್ಟ್ರಾನಿಕ್ ಬಿಡಿಭಾಗ, ವರ್ಷಕ್ಕೆ ನೂರಾರು ಟನ್ ಚಿನ್ನ. ನಾವು ಕೋಡ್ ಬರೆಯುವ ಲ್ಯಾಪ್‌ಟಾಪಿನ ಚಿಪ್ಪೂ ಹೊರಗಿನದೇ. ಲಾಳ ಕಟ್ಟುವವನು ಈಗಲೂ ಹಡಗು ಹತ್ತಿಲ್ಲ.

ಇನ್ನು ಬೆಂಗಳೂರಿಗೆ ಬನ್ನಿ. ವಿಜಯನಗರದ ಸಾಮಂತ ಕೆಂಪೇಗೌಡ 1537ರಲ್ಲಿ ಆ ಊರು ಕಟ್ಟಿದಾಗ ಪೇಟೆಯ ಜೊತೆಗೆ ಕೆರೆಗಳನ್ನೂ ಕಟ್ಟಿಸಿದ. ರತ್ನದ ಬೀದಿಗೆ ಬದಲು ನೀರಿನ ಪಾಠವನ್ನು ಅವನು ರಾಜಧಾನಿಯಿಂದ ಕಲಿತಿದ್ದ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಊರಿಗೆ ಹೋಗುವಾಗ ನಾವು ಇಳಿಯುವುದು ಅದೇ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಅವು ಹೋದದ್ದು ಐಟಿ ಬರುವ ಮೊದಲೇ, ಸರಿ. ಆದರೆ ಐಟಿ ಬಂದ ಮೇಲೆ, ಟೆಕ್ ಪಾರ್ಕುಗಳ ಮಗ್ಗುಲಲ್ಲೇ ಇರುವ ಬೆಳ್ಳಂದೂರು ಕೆರೆ ನೊರೆಯುಕ್ಕಿ 2017ರಲ್ಲಿ ಹೊತ್ತಿ ಉರಿಯಿತು. 2024ರ ಬೇಸಿಗೆಯಲ್ಲಿ ಅದೇ ಸುತ್ತಿನ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ನೀರಿಗೆ ಕಾದು ನಿಂತವು. ಜಗತ್ತಿಗೆ ಸಾಫ್ಟ್‌ವೇರ್ ಮಾರುವ ಊರು ನೀರನ್ನು ಲಾರಿಯಲ್ಲಿ ಕೊಂಡು ಕುಡಿಯಿತು. ಇದನ್ನು ಹಂಪಿಯ ವೈಭವದ ಮುಂದುವರಿಕೆ ಎನ್ನುವವರು ತಮಗೆ ಗೊತ್ತಿಲ್ಲದೆಯೇ ನಿಜ ಹೇಳುತ್ತಿದ್ದಾರೆ.

ನಾನು ಈ ಉದ್ಯಮದ ಅನ್ನ ತಿನ್ನುವವನು. ರಫ್ತು ಬೇಡ, ಡಾಲರ್ ಬೇಡ ಎಂದು ಹೇಳುವ ಆಷಾಢಭೂತಿತನ ನನಗಿಲ್ಲ. ಆದರೆ ನಮ್ಮ ಯಾವ ಪ್ರಾಜೆಕ್ಟಿನಲ್ಲೂ ಒಟ್ಟು ಬಿಲ್ಲಿಂಗ್ ಒಂದನ್ನೇ ತೋರಿಸಿ ಯಶಸ್ಸು ಎಂದರೆ ಯಾರೂ ಒಪ್ಪುವುದಿಲ್ಲ. ಖರ್ಚೆಷ್ಟು, ಹೊತ್ತವರು ಯಾರು, ಪ್ರಾಜೆಕ್ಟು ಮುಗಿದ ಮೇಲೆ ಕೈಯಲ್ಲಿ ಉಳಿಯುವುದೇನು ಎಂದು ಕೇಳಿಯೇ ಕೇಳುತ್ತಾರೆ. ಕಚೇರಿಯಲ್ಲಿ ಬಿಡದೆ ಕೇಳುವ ಈ ಮೂರು ಪ್ರಶ್ನೆಗಳನ್ನು ನಾಡಿನ ವಿಷಯ ಬಂದಾಗ ನುಂಗಿಕೊಂಡು ಚಪ್ಪಾಳೆ ತಟ್ಟುವುದೇಕೆ? ರಫ್ತಿನ ಅಂಕಿ ಹೇಳಿದವರನ್ನು ಕೇಳೋಣ: ಈ ದುಡ್ಡಿನಲ್ಲಿ ಎಷ್ಟು ಪಾಲು ರಾಯಚೂರಿನ ಶಾಲೆಗೆ ಹೋಯಿತು, ಎಷ್ಟು ಕೆರೆಯ ಹೂಳೆತ್ತಲು ಹೋಯಿತು, ನಾವು ಕೊಂಡು ತರುವ ಯಾವ ವಸ್ತುವನ್ನು ಈ ವರ್ಷ ನಾವೇ ಮಾಡಲು ಕಲಿತೆವು? ಉತ್ತರವಿದ್ದರೆ ಹೇಳಲಿ, ಎದ್ದು ನಿಂತು ಚಪ್ಪಾಳೆ ತಟ್ಟೋಣ. ಉತ್ತರವಿಲ್ಲದಿದ್ದರೆ ರತ್ನದ ರಾಶಿಯ ಕತೆಯನ್ನು ಇನ್ನೊಂದು ಸಲ ಹೇಳುವುದನ್ನು ನಿಲ್ಲಿಸಲಿ. ಆ ರಾಶಿಯನ್ನು ಅಳೆದ ಸೇರನ್ನು ತುಂಬಿದವನು ರೈತ, ಮತ್ತು ಅವನಿಗೆ ನಿಜವಾಗಿ ಸಿಕ್ಕಿದ್ದು ಒಂಬತ್ತು ವರ್ಷ ತೆರಿಗೆಯಿಲ್ಲದೆ ಹರಿದ ಆ ಒಂದು ಕಾಲುವೆಯ ನೀರು ಮಾತ್ರ.